ಒಳಗೆ ಬಿಟ್ಟ ಬಟ್ಟೆ

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡು ಪೆಟ್ಟಿಗೆಗಳು ಕೂತಿದ್ದವು. ಎರಡೂ ಕಪ್ಪು, ಎರಡೂ ಇಟ್ಟಿಗೆಗಿಂತ ತುಸು ಅಗಲ, ಎರಡಕ್ಕೂ ಮೈತುಂಬ ಗುಂಡಿಗಳು. ಬಾಬಿನ್ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಅವುಗಳ ಎದುರು ನಿಂತು ಬೆಳಗಿನಿಂದ ಹಲ್ಲು ಕಡಿಯುತ್ತಿದ್ದ.

ಬಾಬಿನ್ ಎಂಬುದು ಅವನ ಹೆಸರೇನಲ್ಲ. ಶಾಲೆಗೆ ಅರ್ಧದಲ್ಲೇ ಕೈಮುಗಿದು ಸೋದರತ್ತೆಯ ಹೊಲಿಗೆ ಅಂಗಡಿಗೆ ಬಂದು ಕೂತ ಹುಡುಗ, ಸಿಟ್ಟು ಬಂದರೆ ಕೂಗಾಡುತ್ತಿರಲಿಲ್ಲ. ಬಾಬಿನ್ನಿಗೆ ದಾರ ಸುತ್ತಿದ ಹಾಗೆ ಒಳಗೊಳಗೇ ಬಿಗಿಯುತ್ತ ಹೋಗುತ್ತಿದ್ದ. ಅದನ್ನು ಕಂಡು ಅತ್ತೆಯೇ ಇಟ್ಟ ಹೆಸರು. ಮೀಸೆ ಬಂದು ಎಷ್ಟೋ ಕಾಲವಾಯಿತು. ಹೆಸರೂ ಹೋಗಿಲ್ಲ, ಸಿಟ್ಟೂ ಹೋಗಿಲ್ಲ.

ಪೇಟೆಯ ತುದಿಯಲ್ಲಿ ಹಳೆಯ ವಾದ್ಯಗಳನ್ನು ಮಾರುವ ಅಂಗಡಿಯೊಂದಿತ್ತು. ಅದರ ಯಜಮಾನರಿಗೆ ಬಾಬಿನ್ ಇಡೀ ಚಳಿಗಾಲ ಗಿಟಾರಿಗೆ, ಕೀಬೋರ್ಡಿಗೆ, ಡ್ರಮ್ಮಿಗೆ ಚೀಲ ಹೊಲಿದುಕೊಟ್ಟಿದ್ದ. ಕೂಲಿ ಬೇಡ, ಗಾಜಿನ ಬೀರುವಿನಲ್ಲಿರುವ ಆ ಎರಡರಲ್ಲಿ ಒಂದು ಕೊಡಿ ಎಂದು ಮೊದಲೇ ಮಾತಾಗಿತ್ತು. ಒಂದು ಗ್ರೂವ್‌ಬಾಕ್ಸ್, ಇನ್ನೊಂದು ಸ್ಯಾಂಪ್ಲರ್; ಎರಡೂ ಬೀಟು ಕಟ್ಟುವ ಯಂತ್ರಗಳು. ಅವನು ಬಿಟ್ಟದ್ದನ್ನು ಸಂಗೀತದ ಟೀಚರೊಬ್ಬರು ಒಯ್ಯಲಿದ್ದರು. ಅವರಿಗೆ ಯಾವುದಾದರೂ ನಡೆಯುತ್ತಿತ್ತಂತೆ, ಅಂಥ ಪುಣ್ಯವಂತರು. ಎರಡಕ್ಕೂ ಅಳತೆ ತೆಗೆದು ಚೀಲ ಹೊಲಿದು ತಾ ಎಂದು ಯಜಮಾನರು ಎರಡನ್ನೂ ಕೈಗೆ ಕೊಟ್ಟು ಕಳಿಸಿದ್ದರು.

"ನಾಳೆ ಸಂಜೆ ಷಟರ್ ಎಳೆಯೋದ್ರೊಳಗೆ ಯಾವುದು ಅಂತ ಬಾಯ್ಬಿಡ್ಬೇಕು. ಆಮೇಲೆ ಅದಲ್ಲ ಇದು, ಇದಲ್ಲ ಅದು ಅಂತ ಬಂದ್ರೆ ಆಗಲ್ಲ. ಇದು ಅಂಗಡಿ, ಉಯ್ಯಾಲೆ ಅಲ್ಲ."

"ಎರಡಕ್ಕೂ ವ್ಯತ್ಯಾಸ ಏನು ಸರ್?" ಎಂದು ಬಾಬಿನ್ ಕೇಳಿದ್ದ.

ಯಜಮಾನರು ಗ್ರೂವ್‌ಬಾಕ್ಸಿನ ಬೆನ್ನು ತಟ್ಟಿದರು. "ಇದ್ರಲ್ಲಿ ಸದ್ದು ಒಳಗೇ ಇದೆ. ಡ್ರಮ್ಮು, ಬೇಸು, ಎಲ್ಲಾ. ಗುಂಡಿ ಒತ್ತಿದ್ರೆ ಕುಣಿಯುತ್ತೆ. ಆ ಸ್ಯಾಂಪ್ಲರ್ ಖಾಲಿ. ಹೊರಗಿನ ಸದ್ದು ಹಿಡಿದು ತುಂಬಿಸ್ಬೇಕು, ತುಂಡು ಮಾಡ್ಬೇಕು, ಜೋಡಿಸ್ಬೇಕು."

"ಅಂದ್ರೆ ಇದು ರೆಡಿಮೇಡು, ಅದು ಹೊಲಿಸೋದು."

"ಹಾಂ. ಹಾಗಂತ ಪೂರ್ತಿ ಹಾಗೂ ಅಲ್ಲ. ಇದಕ್ಕೂ ಹೊರಗಿನ ಸದ್ದು ಸ್ವಲ್ಪ ತುಂಬಿಸ್ಬಹುದು. ಅದ್ರಲ್ಲೂ ಕಂಪನಿಯವ್ರು ಒಂದಿಷ್ಟು ಡ್ರಮ್ ಹಾಕೇ ಕೊಟ್ಟಿರ್ತಾರೆ."

"ಹಾಗಾದ್ರೆ ಎರಡೂ ಒಂದೇ?"

"ಒಂದೇ ಅಂದ್ರೆ, ಒಂದೇ ಅಲ್ಲಪ್ಪ."

ಆ ಉತ್ತರವನ್ನು ಹೊತ್ತುಕೊಂಡು ಬಂದವನು ಫೋನಿನಲ್ಲಿ ವಿಡಿಯೊಗಳನ್ನು ನೋಡಿದ. ಅದು ಇನ್ನೂ ಕೆಟ್ಟದ್ದು. ಒಬ್ಬೊಬ್ಬನ ಹಿಂದಿನ ಗೋಡೆಯಲ್ಲೂ ಇಂಥ ಪೆಟ್ಟಿಗೆಗಳು ಸಾಲುಸಾಲು. ಅಲ್ಲಿ ಕೂತು ನಗುನಗುತ್ತ ಎರಡನ್ನೂ ಹೊಗಳಿ, ಕೊನೆಗೆ ಎಲ್ಲರೂ ಹೇಳುವುದು ಒಂದೇ ಮಾತು: ಅದು ನೀವು ಹೇಗೆ ಕೆಲಸ ಮಾಡುತ್ತೀರಿ ಅನ್ನುವುದರ ಮೇಲಿದೆ. ಬಾಬಿನ್ನಿಗೆ ಮೈಯೆಲ್ಲ ಉರಿದುಹೋಯಿತು. ಹೇಗೆ ಕೆಲಸ ಮಾಡುತ್ತೇನೆ? ಬೆನ್ನು ಬಗ್ಗಿಸಿ ಮಾಡುತ್ತೇನೆ, ಇನ್ನು ಹೇಗೆ? ಎಲ್ಲವೂ ಇದ್ದವನಿಗೆ ಯಾವುದನ್ನೂ ಆರಿಸುವ ಗರಜಿಲ್ಲ. ಅವನು ಬಂದು ಒಂದೇ ಒಂದು ಕೊಳ್ಳುವವನಿಗೆ ಬುದ್ಧಿ ಹೇಳುತ್ತಾನೆ. ಫೋನನ್ನು ಚೂರು ಬಟ್ಟೆಗಳ ರಾಶಿಯೊಳಗೆ ಎಸೆದ.

ಕಿಟಕಿಯ ಬಳಿ ಅತ್ತೆ ಶಾಲೆಯ ಶರ್ಟುಗಳನ್ನು ಹೊಲಿಯುತ್ತಿದ್ದಳು. "ಏನೋ ಅದು, ಹೆಣ್ಣು ನೋಡೋಕೆ ಬಂದೋನ ಹಾಗೆ ನಿಂತಿದ್ದೀಯ?"

"ಯಾವುದು ಇಟ್ಕೊಳ್ಳೋದು ಅಂತ ತಿಳೀತಿಲ್ಲ ಅತ್ತೆ."

"ಇದರ ಹೆಸರೇನಂದೆ?"

"ಸ್ಯಾಂಪ್ಲರ್."

"ಸ್ಯಾಂಪಲ್ಲಾ? ಮನೇಲಿ ಒಂದು ಸ್ಯಾಂಪಲ್ ಆಗ್ಲೇ ಇದೆಯಲ್ಲ, ಅದೇ ಸಾಕಾಗಿದೆ ನಂಗೆ." ತಾನೇ ನಕ್ಕಳು. "ಸ್ಯಾಂಪಲ್ ತಗೊಂಡೋರು ಯಾರಾದ್ರೂ ಬಟ್ಟೆ ತಗೊಂಡಿದ್ದು ನೋಡಿದ್ದೀಯಾ? ಒಂದು ಚೂರು ಕತ್ತರಿಸ್ಕೊಂಡು ಹೋಗ್ತಾರೆ, ಅಷ್ಟೇ. ಇನ್ನೊಂದನ್ನ ಇಟ್ಕೋ."

ಸರಿ, ಗ್ರೂವ್‌ಬಾಕ್ಸ್ ಎಂದುಕೊಂಡ. ಹಾಗೆಂದುಕೊಂಡ ತಕ್ಷಣ ಸ್ಯಾಂಪ್ಲರಿನ ಮೇಲೆ ಕನಿಕರ ಬಂತು. ಇದೆಂಥ ಕರ್ಮ.

ಮಧ್ಯಾಹ್ನ ರೇಡಿಯೊ ಬಂದ. ರೇಡಿಯೊ ಅವನ ಗೆಳೆಯ, ಮಾತನ್ನೇ ತಾಳಕ್ಕೆ ಕೂರಿಸಿ ಹಾಡಿನಂತೆ ಬಿಡುವವನು, ಬಾಯಿಗೆ ಬೀಗವಿಲ್ಲ. ಭಾನುವಾರ ಬಸ್ ಡಿಪೋ ಹಿಂದಿನ ಬಯಲಿನಲ್ಲಿ ಹುಡುಗರೆಲ್ಲ ಸೇರಿ ಹಾಡುವುದಿತ್ತು. ರೇಡಿಯೊನ ಮಾತು, ಬಾಬಿನ್ನನ ಬೀಟು. ಇಷ್ಟು ದಿನ ಫೋನಿನಲ್ಲಿ ಮಾಡಿದ ಬೀಟುಗಳು ನಾಲ್ಕು ಜನರ ಮುಂದೆ ಸೊಳ್ಳೆಯಂತೆ ಕೇಳುತ್ತಿದ್ದವು. ಅದಕ್ಕೇ ಈ ಪೆಟ್ಟಿಗೆಯ ಹಂಬಲ.

ರೇಡಿಯೊ ಸೀದಾ ಗ್ರೂವ್‌ಬಾಕ್ಸಿಗೆ ಕೈಹಾಕಿದ. ಗುಂಡಿಗಳ ಸಾಲಿನ ಮೇಲೆ ಕೆಂಪು ದೀಪ ಓಡತೊಡಗಿತು. ಬಾಬಿನ್ ಒಂದು ಗುಂಡಿಯಲ್ಲಿ ಡ್ರಮ್ ಇಟ್ಟ, ಇನ್ನೊಂದು ಗುಂಡಿಯಲ್ಲಿ ಬೇಸ್ ಇಟ್ಟ, ತಪ್ಪಿದ್ದನ್ನು ಪೆಟ್ಟಿಗೆಯೇ ಸಾಲಿಗೆ ತಂದಿತು. ರೇಡಿಯೊ ತಂದ ಟೀ ಆರುವುದರೊಳಗೆ ಬೀಟು ಸಿದ್ಧ. ಆ ಸದ್ದಿಗೆ ಇಸ್ತ್ರಿ ಮೇಜಿನ ಮೇಲಿದ್ದ ಶರ್ಟುಗುಂಡಿಗಳ ಡಬ್ಬಿ ನಡುಗುತ್ತಿತ್ತು. ರೇಡಿಯೊ ಕಣ್ಣುಮುಚ್ಚಿ ಮಾತು ಹರಿಯಬಿಟ್ಟ. ಎಲ್ಲೂ ಎಡವಲಿಲ್ಲ.

"ಮುಗೀತಲ್ಲ ಮಾರಾಯ," ಎಂದ ರೇಡಿಯೊ. "ಇದೇ. ಇದನ್ನ ತಗೊಂಡು ಭಾನುವಾರ ಬಾ."

"ಇನ್ನೊಂದನ್ನೂ ಒಂದ್ಸಲ ನೋಡೋಣ ಅಂತ."

"ನೋಡ್ತಾ ಕೂತ್ಕೊ. ಗಡ್ಡದವನು ಲ್ಯಾಪ್‌ಟಾಪ್ ತರ್ತೀನಿ, ಬೀಟು ನಾನೇ ಹಾಕ್ತೀನಿ ಅಂತ ಬೆನ್ನು ಬಿದ್ದಿದ್ದಾನೆ, ಗೊತ್ತಲ್ಲ. ನಾನು ಇನ್ನೂ ಹೂಂ ಅಂದಿಲ್ಲ."

ಅವನು ಹೋದ ಮೇಲೆ ಬಾಬಿನ್ ಆ ಬೀಟನ್ನು ಮತ್ತೆ ಮತ್ತೆ ಹಾಕಿ ಕೇಳಿದ. ಚೆನ್ನಾಗಿತ್ತು. ಸುಳ್ಳು ಯಾಕೆ, ಬಹಳ ಚೆನ್ನಾಗಿತ್ತು. ಆದರೆ ಅದರಲ್ಲಿ ತಾನು ಮಾಡಿದ್ದು ಎಷ್ಟು, ಪೆಟ್ಟಿಗೆ ಮಾಡಿದ್ದು ಎಷ್ಟು ಎಂದು ಹುಡುಕಹೊರಟರೆ ದಾರದ ತುದಿಯೇ ಸಿಗಲಿಲ್ಲ. ಗಡ್ಡದವನು ಇದೇ ಗುಂಡಿಗಳನ್ನು ಒತ್ತಿದರೆ ಇದೇ ಬರುವುದಿಲ್ಲವೇ? ಬಂದರೆ ಬರಲಿ, ನಿನಗೇನು ಎಂದು ತನ್ನನ್ನೇ ಗದರಿಕೊಂಡ. ಅಂಗಡಿಯ ಶರ್ಟು ತೊಟ್ಟವರೆಲ್ಲ ಬದುಕುತ್ತಿಲ್ಲವೇ?

ಸಿಟ್ಟಿನಲ್ಲೇ ಸ್ಯಾಂಪ್ಲರನ್ನು ಎಳೆದುಕೊಂಡ. ಮೈಕಿನ ತಂತಿ ಸಿಕ್ಕಿಸಿ, ಏನು ತುಂಬಿಸುವುದೆಂದು ತೋಚದೆ ಅತ್ತೆಯ ಮಷಿನ್ನಿನ ಕಡೆ ಹಿಡಿದ. ಅತ್ತೆಯದು ತುಳಿಯುವ ಮಷಿನ್ನು. ಟಕಟಕ ಟಕಟಕ ಎಂದು ಓಡುವುದು, ಅವಳ ಬಲಮೊಣಕಾಲು ಹಿಡಿದುಕೊಂಡಾಗ ಅರೆಗಳಿಗೆ ನಿಲ್ಲುವುದು, ಆಗ ಅವಳು ಅಂಗೈಯಿಂದ ಚಕ್ರಕ್ಕೆ ಟಪ್ಪೆಂದು ಒಂದು ಪೆಟ್ಟು ಕೊಡುವುದು, ಮತ್ತೆ ಓಡುವುದು. ಈ ಅಂಗಡಿಗೆ ಬಂದಾಗಿನಿಂದ ಕೇಳಿದ ಸದ್ದು. ಕೇಳಿದ್ದೇನೆ ಎಂದೇ ಗೊತ್ತಿರಲಿಲ್ಲ.

ಅದನ್ನು ತುಂಡು ತುಂಡು ಮಾಡಿ ಒಂದೊಂದು ಗುಂಡಿಗೆ ಒಂದೊಂದು ತುಂಡು ಹಚ್ಚುವುದರಲ್ಲಿ ಬಿಸಿಲು ಮೇಜಿನಿಂದ ಇಳಿದು ಗೋಡೆ ಹತ್ತಿತು. ಕೊನೆಗೂ ಒಂದು ಸಾಲು ಬಂತು. ಬೀಟು ಎನ್ನಲು ನಾಚಿಕೆಯಾಗಬೇಕು, ಕುಂಟುತ್ತಿತ್ತು. ಅಷ್ಟರಲ್ಲಿ ಅತ್ತೆ ಒಳಮನೆಯಿಂದ ಕೂಗಿದಳು, "ಲೋ, ಯಾರೋ ಅದು ನನ್ನ ಮಷಿನ್ ಮುಟ್ಟಿದ್ದು?"

"ಯಾರೂ ಮುಟ್ಟಿಲ್ಲ ಅತ್ತೆ."

ಅವಳು ಸೌಟು ಹಿಡಿದುಕೊಂಡೇ ಬಂದು ಖಾಲಿ ಸ್ಟೂಲನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಅವನನ್ನು ನೋಡಿದಳು. "ಇದೇನೋ ಇದು. ನಾನು ಇಷ್ಟು ಕೆಟ್ಟದಾಗಿ ತುಳೀತೀನಾ?" ಎಂದು ಮುಖ ದಪ್ಪ ಮಾಡಿಕೊಂಡು ಹೋದಳು.

ಫೋನಿನಲ್ಲಿ ಆ ಸಾಲನ್ನು ರೇಡಿಯೊಗೆ ಕೇಳಿಸಿದ. ರೇಡಿಯೊ ಮಾತು ಹೊಂದಿಸಲು ಹೋಗಿ ಎರಡು ಸಲ ಮುಗ್ಗರಿಸಿದ. "ಇದರ ಕಾಲು ಯಾರು ಮುರಿದ್ರೋ? ಇದನ್ನ ಆಸ್ಪತ್ರೆಗೆ ಸೇರಿಸು, ಅದನ್ನ ತಗೊಂಡು ಬಾ."

ಹೌದು. ಮರುದಿನ ಬೆಳಗ್ಗೆ ಎದ್ದಾಗ ಬಾಬಿನ್ನಿಗೆ ತಲೆ ತಿಳಿಯಾಗಿತ್ತು. ಭಾನುವಾರಕ್ಕೆ ಬೇಕಾದ್ದು ಗ್ರೂವ್‌ಬಾಕ್ಸ್. ರೇಡಿಯೊ ಕೇಳುವುದು ಗ್ರೂವ್‌ಬಾಕ್ಸ್. ಅತ್ತೆ ಹೇಳಿದ್ದೂ ಅದೇ. ಇನ್ನು ಯೋಚಿಸಿದರೆ ನನ್ನಂಥ ಕತ್ತೆ ಇನ್ನೊಬ್ಬನಿಲ್ಲ ಎಂದುಕೊಂಡು, ದಪ್ಪ ಕ್ಯಾನ್ವಾಸು ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಒಂದೇ ಉಸಿರಿಗೆ ಎರಡೂ ಚೀಲ ಹೊಲಿದ. ಹೊಲಿಯುವಾಗ ತಲೆಯ ತುಂಬ ಭಾನುವಾರದ ಬಯಲು, ಜನ, ಗುಂಡಿಗಳ ಮೇಲೆ ಓಡುವ ಕೆಂಪು ದೀಪ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಸಂಜೆ ವಾದ್ಯದಂಗಡಿಯಲ್ಲಿ ಯಜಮಾನರು ಗ್ರೂವ್‌ಬಾಕ್ಸನ್ನು ಅದರ ಚೀಲಕ್ಕೆ ಇಳಿಸಿದರು. ಚರ್ಮದ ಹಾಗೆ ಕೂತಿತು. "ಭೇಷ್" ಎಂದರು. ಸ್ಯಾಂಪ್ಲರನ್ನು ಇಳಿಸಿದರೆ ಅರ್ಧಕ್ಕೆ ನಿಂತುಬಿಟ್ಟಿತು. ನೂಕಿದರು, ಅಲ್ಲಾಡಿಸಿದರು. ಒಳಗೆ ಹೋಗಲೊಲ್ಲದು.

"ಏನಪ್ಪಾ ಇದು, ಅಳತೆ ತಪ್ಪಿದ್ದೀಯ."

"ನಾನು ಅಳತೆ ತಪ್ಪಲ್ಲ ಸರ್." ಬಾಬಿನ್ನನ ಮುಖ ಕೆಂಪಗಾಯಿತು. ಚೀಲವನ್ನು ಕಸಿದುಕೊಂಡು ಒಳಮಗ್ಗುಲು ಹೊರಗೆ ಮಾಡಿದ.

ಅಳತೆ ತಪ್ಪಿರಲಿಲ್ಲ. ಹೊಲಿಗೆಯ ಉದ್ದಕ್ಕೂ ಒಳಗೆ ಎರಡೆರಡು ಬೆರಳಗಲ ಬಟ್ಟೆ ಬಿಟ್ಟು, ಮಡಿಚಿ, ಮೇಲೆ ಉದ್ದುದ್ದದ ಕಚ್ಚಾ ಹೊಲಿಗೆ ಹಾಕಿತ್ತು. ದಪ್ಪ ಕ್ಯಾನ್ವಾಸಿನ ಆ ಮಡಿಕೆಯೇ ಪೆಟ್ಟಿಗೆಯನ್ನು ತಡೆದದ್ದು. ಶಾಲೆಯ ಮಕ್ಕಳ ಶರ್ಟಿಗೆ ಅತ್ತೆ ಬಿಡುವುದು ಹಾಗೆಯೇ. ಮುಂದಿನ ವರ್ಷ ಮೈ ತುಂಬಿಕೊಂಡಾಗ ಕಚ್ಚಾ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಡಲಿಕ್ಕೆ. ಅದನ್ನು ಎಲ್ಲ ಗಿರಾಕಿಗಳಿಗೂ ಬಿಡುವುದಿಲ್ಲ. ಮತ್ತೆ ಇಲ್ಲಿಗೇ ಬರುತ್ತಾರೆ ಎಂದು ನಂಬಿಕೆಯಿದ್ದವರಿಗೆ ಮಾತ್ರ.

"ಯಾಕಪ್ಪ, ಇದು ಬೆಳೆಯುತ್ತಾ?" ಯಜಮಾನರು ನಕ್ಕು ನಕ್ಕು ಕನ್ನಡಕ ತೆಗೆದರು.

ಬಾಬಿನ್ ಚೀಲವನ್ನು ದೀಪದ ಕೆಳಗೆ ಹಿಡಿದ. ತಾನೇ ಹೊಲಿದದ್ದು, ಅನುಮಾನವಿಲ್ಲ. ತಿರುವಿನಲ್ಲಿ ದಾರ ಕಟ್ಟಿದ ರೀತಿ ತನ್ನದೇ. ಆದರೆ ಹೊಲಿದ ನೆನಪಿಲ್ಲ.

"ಇರಲಿ ಬಿಡು, ಒಂದು ನಿಮಿಷದ ಕೆಲಸ." ಯಜಮಾನರು ಡ್ರಾಯರಿನಿಂದ ಕತ್ತರಿ ತೆಗೆದು ಕೊಟ್ಟರು. "ಹೆಚ್ಚಿನದನ್ನ ಕತ್ತರಿಸಿ ಎಸಿ, ಸರಿಹೋಗುತ್ತೆ. ಟೀಚರ್ ಬರೋ ಹೊತ್ತಾಯ್ತು. ನಿಂದು ಗ್ರೂವ್‌ಬಾಕ್ಸ್ ತಾನೆ?"

ಬಾಬಿನ್ ಕತ್ತರಿಯನ್ನು ಬಟ್ಟೆಗೆ ಹಚ್ಚಿದ. ಕತ್ತರಿ ಹರಿತವಾಗಿಯೇ ಇತ್ತು. ಹೊರಗೆ ಯಾರೋ ಷಟರಿನ ಬಳಿ ಗಾಡಿ ನಿಲ್ಲಿಸಿದ ಸದ್ದಾಯಿತು. ಒಂದು ಸಲ ಒತ್ತಿದರೆ ಮುಗಿಯಿತು; ಬೆರಳು ಒತ್ತಲಿಲ್ಲ. ಕತ್ತರಿಯನ್ನು ಮೆಲ್ಲಗೆ ಗಾಜಿನ ಮೇಲಿಟ್ಟ.

"ಗ್ರೂವ್‌ಬಾಕ್ಸನ್ನ ಟೀಚರಿಗೆ ಕೊಡಿ ಸರ್. ಇದು ನಂಗಿರಲಿ."

"ಯೋಚಿಸಿ ಹೇಳ್ತಿದ್ದೀಯಾ?"

"ಇಲ್ಲ," ಎಂದ ಬಾಬಿನ್. ಅದೊಂದು ಮಾತು ಮಾತ್ರ ಆ ದಿನ ಅವನು ಖಚಿತವಾಗಿ ಆಡಿದ್ದು.

ಅರ್ಧ ಹೊರಗೆ ಇಣುಕುವ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಬೀದಿಗಿಳಿದ. ಆರಿಸಿಕೊಂಡೆನೋ, ಇಲ್ಲ ಕೆಟ್ಟ ಕೆಲಸವನ್ನು ಮುಚ್ಚಿಹಾಕಲು ಹೊತ್ತು ತಂದೆನೋ? ಕೈಗೆ ಗೊತ್ತಿದ್ದರೆ ಕೈ ಹೇಳಲಿ, ತಲೆಗಂತೂ ಗೊತ್ತಿರಲಿಲ್ಲ. ರೇಡಿಯೊಗೆ ಫೋನ್ ಮಾಡಿ ಹೇಳಿದ.

"ಭಾನುವಾರಕ್ಕೆ ಗಡ್ಡದವನಿಗೇ ಹೇಳ್ತೀನಿ ಹಾಗಾದ್ರೆ," ಎಂದ ರೇಡಿಯೊ.

"ಹೇಳು."

"ಬೇಜಾರಾಗ್ಬೇಡ."

"ನಂಗೇನಾಗಿದೆ ಅಂತ ನಂಗೇ ಗೊತ್ತಿಲ್ಲ. ಬೇಜಾರು ಎಲ್ಲಿಂದ ಬರ್ಲಿ?"

ಅಂಗಡಿಯಲ್ಲಿ ಅತ್ತೆ ಇನ್ನೂ ದೀಪ ಹಾಕಿರಲಿಲ್ಲ. ಚೀಲವನ್ನು ನೋಡಿದಳು, ಒಳಗೆ ಬೆರಳು ತೂರಿಸಿದಳು, ಮಡಿಕೆಯನ್ನು ಸವರಿದಳು. ತನ್ನ ಸ್ಟೂಲಿನ ಮೇಲೆ ಕೂತು ಶರ್ಟೊಂದನ್ನು ಎಳೆದುಕೊಂಡಳು.

ಬಾಬಿನ್ ಮೈಕು ತೆಗೆದು ಅವಳ ಕಾಲಿನ ಹತ್ತಿರ ಇಟ್ಟ. ಅವಳು ಅದನ್ನು ಓರೆಗಣ್ಣಿನಿಂದ ಕಂಡಳು. ಬೆನ್ನು ನೆಟ್ಟಗೆ ಮಾಡಿದಳು, ಸೆರಗು ಸರಿಮಾಡಿಕೊಂಡಳು, ಆಮೇಲೆ ತುಳಿದಳು. ಟಕಟಕ ಟಕಟಕ ಟಕಟಕ. ಎಲ್ಲೂ ನಿಲ್ಲಲಿಲ್ಲ. ಚಕ್ರಕ್ಕೆ ಪೆಟ್ಟು ಬೀಳಲಿಲ್ಲ. ನೇರ ಗೆರೆ, ಆ ಗ್ರೂವ್‌ಬಾಕ್ಸಿಗಿಂತಲೂ ನೇರ.

"ಹಾಗಲ್ಲ ಅತ್ತೆ. ಯಾವಾಗಲೂ ಹೊಲೀತೀಯಲ್ಲ, ಹಾಗೆ ಹೊಲಿ."

ಅತ್ತೆ ಕಾಲು ನಿಲ್ಲಿಸಿ ಅವನತ್ತ ತಿರುಗಿದಳು.

"ಯಾವಾಗಲೂ ಹೇಗೆ ಹೊಲೀತೀನಿ ಅಂತ ನಂಗೇನೋ ಗೊತ್ತು?"