ಎರಡನೇ ಸಾಲಿನ ಬಿಳಿ ಕೀ

ಆ ಕಚೇರಿಯಲ್ಲಿ ಅವಳಿಗೆ ಅನುಮಾನಕ್ಕ ಎಂದೇ ಹೆಸರು. ಆನ್‌ಲೈನ್ ಹರಾಜಿನಲ್ಲಿ ಮೋಸ ಹೋದವರ ದೂರುಗಳನ್ನು ಓದಿ ಉತ್ತರ ಬರೆಯುವುದು ಅವಳ ಕೆಲಸ. ಕಿಟಕಿ ಪಕ್ಕದ ಕೊನೆಯ ಮೇಜು. ಫೋನಿನ ಕಾಟವಿಲ್ಲ, ಬರೀ ಬರವಣಿಗೆ. ಮಾತೆಂದರೆ ಹಿಂಜರಿಯುವವಳಿಗೆ ಹೇಳಿ ಮಾಡಿಸಿದಂಥ ಜಾಗ. ಹರಾಜಿನ ತಾಣದ ಹೊರಗೆ ದುಡ್ಡು ಕಳಿಸಬೇಡಿ, ಮಾರುವವರ ಖಾತೆ ಎಷ್ಟು ಹಳೆಯದು ನೋಡಿ, ಇವತ್ತಿನ ತಾರೀಖು ಬರೆದ ಚೀಟಿಯನ್ನು ವಸ್ತುವಿನ ಪಕ್ಕದಲ್ಲಿಟ್ಟು ಹೊಸ ಫೋಟೋ ಕಳಿಸಲು ಹೇಳಿ ಎಂದು ದಿನಕ್ಕೆ ನಲವತ್ತು ಸಲವಾದರೂ ಬರೆಯುತ್ತಿದ್ದಳು.

"ನಾಳೆ ನೋಡೋಕೆ ಬರೋ ಹುಡುಗನಿಗೂ ಚೀಟಿ ಹಿಡ್ಕೊಂಡು ಫೋಟೋ ಕಳ್ಸು ಅಂತೀಯ, ನೋಡ್ತಿರು" ಎಂದು ಪಕ್ಕದ ಮೇಜಿನವಳು ಕಾಡಿಸಿದರೆ ತಲೆ ತಗ್ಗಿಸಿಕೊಂಡೇ ನಗುತ್ತಿದ್ದಳು.

ಅಂಥ ಅನುಮಾನಕ್ಕ ಕಣ್ಣು ಬಿಟ್ಟುಕೊಂಡೇ ಗುಂಡಿಗೆ ಬಿದ್ದಳು.

ಅವಳ ಅಮ್ಮ ಇಪ್ಪತ್ತೆಂಟು ವರ್ಷ ನ್ಯಾಯಾಲಯದ ಎದುರಿನ ಸಣ್ಣ ಕೋಣೆಯಲ್ಲಿ ಕೂತು ಕಂಡವರ ಅರ್ಜಿ, ಕರಾರುಗಳನ್ನು ಟೈಪ್ ಮಾಡಿದವಳು. ಅಪ್ಪ ಟೈಪ್‌ರೈಟರ್ ರಿಪೇರಿಯವನು. "ಕೆಡದೇ ಇದ್ದ ಮಿಷನ್ ಕೆಟ್ಟಿದೆ ಅಂತ ವಾರಕ್ಕೆರಡು ಸಲ ಕರೆಸ್ತಿದ್ಲು ನಿಮ್ಮಮ್ಮ. ಕೊನೆಗೆ ಅಲ್ಲಿಗೂ ಇಲ್ಲಿಗೂ ಓಡಾಡೋದು ಯಾಕೆ ಅಂತ ಮದುವೆನೇ ಮಾಡ್ಕೊಂಡೆ" ಎಂದು ಅವನು ಹೇಳಿದಾಗಲೆಲ್ಲ ಅಮ್ಮ ಸೌಟು ಎತ್ತುತ್ತಿದ್ದಳು. ಒಮ್ಮೆ ಎರಡನೇ ಸಾಲಿನ ಒಂದು ಕೀ ಮುರಿದಾಗ ಅಪ್ಪ ಕಪ್ಪು ಬಣ್ಣದ್ದು ಸಿಗದೆ, ಬೇರೆ ಮಿಷನ್ನಿನ ಬಿಳಿ ಕೀ ತಂದು ಕೂರಿಸಿದ್ದ. ಆಮೇಲೆ ಸಿಕ್ಕ ಕಪ್ಪನ್ನು ಅಮ್ಮ ಹಾಕಗೊಡಲಿಲ್ಲ.

ಎರಡು ವರ್ಷದ ಹಿಂದೆ ಅಮ್ಮ ಕೆಲಸ ಬಿಟ್ಟಳು. "ಧೂಳು ಕುಡೀತಾ ಕೂತಿದೆ, ಮಾರಿಬಿಡೋಣ ಕಣಮ್ಮ" ಎಂದವಳು ಮಗಳೇ. "ನಿನ್ನಿಷ್ಟ" ಎಂದು ಅಮ್ಮ ಪಾತ್ರೆ ತೊಳೆಯಲು ಹೋದಳು. ಮಗಳು ಮಿಷನ್ನನ್ನು ಕಿಟಕಿಯ ಬೆಳಕಿಗಿಟ್ಟು ಫೋಟೋ ತೆಗೆದು ಹರಾಜಿಗೆ ಹಾಕಿದಳು. ಹಳೆಯ ವಸ್ತು ಕೊಳ್ಳುವವನೊಬ್ಬ ಕೊಂಡುಕೊಂಡ.

ಈಗ ನಾಲ್ಕು ತಿಂಗಳ ಹಿಂದೆ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಮುಕ್ಕಾಲು ಬಿದ್ದುಹೋಯಿತು, ಮಾತು ಒಂದೆರಡು ಪದಕ್ಕೆ ಇಳಿಯಿತು. ವ್ಯಾಯಾಮ ಮಾಡಿಸಲು ಬರುವಾಕೆ ಒಂದು ದಿನ ಹಾಸಿಗೆಯ ಮೇಲೆ ಬಗ್ಗಿ, "ನೋಡಿ, ಬಲಗೈಯ ಈ ಬೆರಳು ಹೊದಿಕೆ ಮೇಲೆ ಏನೋ ಬಡೀತಿದೆ. ಟೈಪ್ ಮಾಡ್ತಿದ್ದಾರೆ! ಅವರ ಮಿಷನ್ ಮುಂದೆ ಇಡಿ. ಅಭ್ಯಾಸದ ಕೆಲಸಕ್ಕೆ ಕೈ ಬೇಗ ಬಗ್ಗುತ್ತೆ" ಎಂದಳು.

ಅಪ್ಪ ಅಂದೇ ಹಳೆಯ ಗೆಳೆಯನಿಂದ ಒಂದು ಮಿಷನ್ ಹೊತ್ತು ತಂದ. ಅಮ್ಮನ ಬೆರಳುಗಳು ಅದರ ಮೇಲೆ ಏನನ್ನೋ ತಡಕಿ ಹಿಂದೆ ಬಂದವು. "ನಂದಲ್ಲ" ಎಂದಳು. ಮರುದಿನವೂ ಅದೇ ಮಾತು. ಮಗಳು ಆ ಮಾತು ಕೇಳಲಾಗದೆ ಹೊರಗೆ ಹೋಗಿ ನಿಂತಳು.

ಅಂದಿನಿಂದ ಸಿಕ್ಕ ಸಿಕ್ಕ ಹರಾಜಿನ ತಾಣಗಳನ್ನೆಲ್ಲ ಜಾಲಾಡತೊಡಗಿದಳು. ಮೂರನೇ ವಾರ ಒಂದು ಕಡೆ ಕಂಡಿತು. ಕಪ್ಪು ಕೀಗಳ ನಡುವೆ ಒಂದೇ ಒಂದು ಬಿಳಿ.

"ಅಪ್ಪಾ, ಇಲ್ಲಿ ಬಾ!"

ಅಪ್ಪ ಕನ್ನಡಕ ಏರಿಸಿ ನೋಡಿದ. "ಅದೇ ಕಣೇ. ಅದೇ."

"ಮಾರೋನ ಖಾತೆ ತೆರೆದು ಒಂಬತ್ತೇ ದಿನ ಆಗಿದೆ ಅಪ್ಪಾ. ಇನ್ನೊಂದು ಫೋಟೋ ಕೇಳ್ಲಾ?"

"ಆ ಕೀ ಕೂರಿಸೋಕೆ ಅರ್ಧ ದಿನ ಅರ ಹಿಡಿದು ಉಜ್ಜಿದ್ದೀನಿ. ನನ್ನ ಕೈಕೆಲಸ ನನಗೆ ಗೊತ್ತಾಗಲ್ವಾ? ನಿನ್ನ ಆಫೀಸಿನ ಪುರಾಣ ಇಲ್ಲಿ ಬೇಡ ಮರೀ. ಅವನಿಗೆ ಸಿಟ್ಟು ಬಂದು ಕೊಡಲ್ಲ ಅಂದ್ರೆ?"

ಅವಳಿಗೂ ಅದೇ ಭಯವಿತ್ತು. ಹೆತ್ತ ತಾಯಿ ದಾರಿಯಲ್ಲಿ ಎದುರಾದರೆ ಗುರುತಿನ ಚೀಟಿ ಕೇಳುತ್ತಾರೆಯೇ? ಕೇಳಲಿಲ್ಲ. ಬದಲಿಗೆ ಮಾರುವವನಿಗೆ ಅಮ್ಮನ ಕಥೆಯನ್ನೆಲ್ಲ ಬರೆದಳು.

ಹರಾಜಿನ ಕೊನೆಯ ಗಳಿಗೆಯಲ್ಲಿ ಯಾರೋ ಅವರಿಗಿಂತ ಹೆಚ್ಚು ಕೂಗಿ ಗೆದ್ದುಬಿಟ್ಟರು. ಅಪ್ಪ ಅವತ್ತು ಊಟ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಮಾರುವವನ ಸಂದೇಶ ಬಂತು: "ಮೇಡಂ, ಗೆದ್ದವರು ಬೇಡ ಅಂತಿದಾರೆ. ಅವರ ನಂತರ ನೀವೇ. ಸೈಟಿನವರಿಗೆ ಕಮಿಷನ್ ಸುಮ್ನೆ ಯಾಕೆ, ನನಗೇ ನೇರ ಹಾಕ್ಬಿಡಿ. ಸಂಜೆನೇ ಪಾರ್ಸಲ್ ಮಾಡ್ತೀನಿ. ನಿಮ್ಮ ತಾಯಿ ಬೇರೆ ಅಲ್ಲ, ನಮ್ಮ ತಾಯಿ ಬೇರೆ ಅಲ್ಲ."

ಸೋತವರನ್ನು ಹೀಗೆ ಹಿಂದಿನಿಂದ ಕರೆದು ದೋಚುವ ಮೋಸದ ಬಗ್ಗೆ ಅವಳ ಕಚೇರಿಯಲ್ಲಿ ಒಂದು ಸಿದ್ಧ ಉತ್ತರವಿತ್ತು. ಬರೆದವಳು ಅವಳೇ. ಆ ಉತ್ತರ ಅವಳ ಕಣ್ಣ ಮುಂದೆ ಸಾಲುಸಾಲಾಗಿ ಬಂದು ನಿಂತಿತು ಕೂಡ. ಆದರೆ ತಾನು ಎರಡು ಗಳಿಗೆ ಯೋಚಿಸುತ್ತ ಕೂತರೆ ಮೂರನೆಯವರು ಕೊಂಡುಬಿಟ್ಟರೆ? ದುಡ್ಡು ಕಳಿಸಿಬಿಟ್ಟಳು.

ಮನೆಯಲ್ಲಿ ಹೊಸ ಗಾಳಿ ಬೀಸಿತು. ಅಪ್ಪ ಎಣ್ಣೆ ಡಬ್ಬಿ, ಬ್ರಷ್ಷು ತೆಗೆದಿಟ್ಟ. ಅಮ್ಮನನ್ನು ದಿನಾ ಮೇಜಿನ ಮುಂದೆ ಕೂರಿಸಿದರು. ಕರೆಗಂಟೆ ಆದಾಗಲೆಲ್ಲ "ಬಂತಾ?" ಎನ್ನುವಳು. ಹಾಲಿನವನು ಬಂದರೂ "ಬಂತಾ?" ಬರಿಯ ಮೇಜಿನ ಮೇಲೆಯೇ ಬೆರಳಾಡಿಸುವಳು. ಆರನೇ ದಿನ, ಅದುವರೆಗೆ ಅಲುಗದಿದ್ದ ಬಲಗೈಯ ಉಂಗುರದ ಬೆರಳು ತಾನಾಗಿ ಮೇಲೆದ್ದಿತು. ವ್ಯಾಯಾಮದಾಕೆ ಚಪ್ಪಾಳೆ ತಟ್ಟಿ, "ನನ್ನ ಕೈಲಾಗದ್ದು ಆ ಮಿಷನ್ ಬರೋ ಮೊದಲೇ ಮಾಡ್ತಿದೆ" ಎಂದಳು.

ಎಂಟನೇ ದಿನ ಮಾರುವವನ ಖಾತೆ ಮಾಯವಾಯಿತು.

ಅವಳು ಕಚೇರಿಯಲ್ಲಿದ್ದಳು. ಬೇರೆಯವರ ದೂರಿಗೆ ಮಾಡುವಂತೆ, ತಾನು ಉಳಿಸಿಟ್ಟುಕೊಂಡಿದ್ದ ಫೋಟೋವನ್ನು ತೆರೆದು ದೊಡ್ಡದು ಮಾಡುತ್ತ ಹೋದಳು. ಇಷ್ಟು ದಿನ ಅವಳ ಕಣ್ಣು ಬಿಳಿ ಕೀಯನ್ನು ಬಿಟ್ಟು ಆಚೆ ಹೋಗಿರಲಿಲ್ಲ. ಎಡ ಅಂಚಿನಲ್ಲಿ, ಕತ್ತರಿಸುವಾಗ ಕೈತಪ್ಪಿ ಉಳಿದಂತೆ, ಬೆರಳಗಲದ ಬಟ್ಟೆ ಇತ್ತು. ನೀಲಿ ಬಟ್ಟೆ, ಹಳದಿ ಚೌಕಳಿ. ಅವರ ಮನೆಯ ಕಿಟಕಿಯ ಪರದೆ. ಎರಡು ವರ್ಷದ ಹಿಂದೆ ಅವಳೇ ತೆಗೆದ ಫೋಟೋ ಅದು.

"ಏನೇ, ಮುಖ ಸುಣ್ಣ ಆಗಿದೆ? ದೂರು ಯಾರ್ದು?" ಎಂದಳು ಪಕ್ಕದ ಮೇಜಿನವಳು.

"ಯಾರೋ ಒಬ್ಬಳದು" ಎಂದಳು.

ಮನಸ್ಸು ತಡೆಯದೆ ಹಳೆಯ ಸಂದೇಶಗಳನ್ನು ಕೆದಕಿ, ಅಂದು ಮಿಷನ್ ಕೊಂಡವನಿಗೇ ಬರೆದಳು. ಎಷ್ಟಾದರೂ ಸರಿ, ವಾಪಸು ಕೊಡುತ್ತೀರಾ? ಗಂಟೆಯೊಳಗೆ ಉತ್ತರ ಬಂತು, ಬಹಳ ಮರ್ಯಾದೆಯ ಉತ್ತರ.

ಸಂಜೆ ಅಪ್ಪನನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದಳು. ಅಪ್ಪ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿದ. "ದುಡ್ಡು ಹಾಳಾಗಲಿ" ಎಂದ. "ಆ ಮನುಷ್ಯನ ಹತ್ರ ಇರಬೇಕಲ್ವಾ ಮತ್ತೆ?"

"ಇಲ್ಲಪ್ಪಾ. ಅವರು ಕೊಂಡಿದ್ದೇ ಬಿಚ್ಚೋಕಂತೆ. ಕೀಗಳನ್ನ ಕಿತ್ತು ಉಂಗುರ ಮಾಡ್ತಾರಂತೆ. ಎಲ್ಲ ಮಾರಿ ಆಯ್ತಂತೆ. ಉಳಿದದ್ದು ಗುಜರಿಗೆ."

"ಉಂಗುರನಾ?" ಅವನಿಗೆ ಅರ್ಥವಾದಂತೆ ಕಾಣಲಿಲ್ಲ. "ಬಿಳೀದನ್ನೂ?"

"ಅದು ಬೇರೆಯವುಕ್ಕೆ ಹೊಂದಲಿಲ್ಲವಂತೆ. ಎಸೆದುಬಿಟ್ರಂತೆ."

ಅಪ್ಪ ಅಲ್ಲೇ ನೆಲದ ಮೇಲೆ ಕೂತ. "ಅವಳಿಗೆ ನೀನೇ ಹೇಳು ಮರೀ. ನನಗೆ ಬಾಯಿ ಬರಲ್ಲ."

ಬಾಯಿ ಬಾರದವಳು ಎಂದು ಹೆಸರಾದವಳು ಅವಳೇ. ಆದರೂ ಹೋದಳು. ದಾರಿಯಲ್ಲಿದೆ ಎನ್ನಬಹುದಿತ್ತು, ಇನ್ನೆರಡು ವಾರ ಎನ್ನಬಹುದಿತ್ತು. ಸುಳ್ಳಿನ ಸಂದೇಶಗಳನ್ನು ಅಷ್ಟು ದಿನ ಓದಿದ್ದವಳಿಗೆ ಇನ್ನೊಂದನ್ನು ಹೆಣೆಯಲು ಮನಸ್ಸಾಗಲಿಲ್ಲ. ಅಮ್ಮನ ಮುಂದೆ ಮಂಡಿಯೂರಿ ಕೂತಳು.

"ಬಂತಾ?"

"ಬರಲ್ಲಮ್ಮಾ. ಅದು ಈಗ ಎಲ್ಲೂ ಇಲ್ಲ. ನಾನು ಮಾರಬಾರದಿತ್ತು."

ಅಮ್ಮ ಮಗಳ ಮುಖವನ್ನು ನೋಡಿದಳು. ಆಮೇಲೆ ಎಡಗೈಯಿಂದ ಬಲಗೈಯನ್ನು, ಬೇರೆಯವರ ವಸ್ತುವನ್ನು ಎತ್ತಿಡುವಂತೆ, ಮೇಜಿನಿಂದ ಎತ್ತಿ ಮಡಿಲಲ್ಲಿಟ್ಟು ಶಾಲು ಮುಚ್ಚಿದಳು.

"ಸಾಕು" ಎಂದಳು. ನಾಲ್ಕು ತಿಂಗಳಲ್ಲಿ ಅಷ್ಟು ಸ್ಪಷ್ಟವಾಗಿ ಬಂದ ಮಾತು ಅದೊಂದೇ.

ಬೆಳಿಗ್ಗೆ ವ್ಯಾಯಾಮದಾಕೆ ಬಂದು, "ಎಲ್ಲಿ ಅಮ್ಮಾ, ಕೈ ಕೊಡಿ ನೋಡೋಣ" ಎಂದಳು. ಅಮ್ಮ ಎಡಗೈಯನ್ನು ಚಾಚಿದಳು.