ಪುಡಿಯಿಲ್ಲದ ಕೊಳವೆ

ರಾತ್ರಿ ಬಹಳ ಹೊತ್ತಾಗಿತ್ತು. ಹಿಂದಿನ ಶೆಡ್ಡಿನಿಂದ ‘ಕರ್’ ಎಂಬ ಸಣ್ಣ ಸದ್ದು ಬಂತು. ಬಟ್ಟೆ ಮಡಿಸುತ್ತಿದ್ದವಳ ಕೈ ನಿಂತಿತು. ಉಕ್ಕಿನ ಕೊಳವೆಯೊಳಗೆ ಉಜ್ಜುವ ಪುಡಿ ಗಂಟು ಕಟ್ಟಿದಾಗ ಬರುವ ಸದ್ದು ಅದು. ಕೂಡಲೇ ನಿಲ್ಲಿಸದಿದ್ದರೆ ಒಳಗೆಲ್ಲ ಗೀರು. ಈಗ ಇವರು ಮೋಟಾರು ಆರಿಸುತ್ತಾರೆ ಎಂದು ಕಾದಳು. ಆರಿಸಲಿಲ್ಲ.

ಹೋಗಿ ನೋಡಿದರೆ ಗಂಡ ಕಣ್ಣು ಮುಚ್ಚಿ, ಕೊಳವೆಯತ್ತ ಕಿವಿಯೊಡ್ಡಿ ನೆಮ್ಮದಿಯಾಗಿ ಕೂತಿದ್ದ.

ಹಾಲಿನ ಕಾರ್ಖಾನೆಗೆ ಹೋಗುವ, ಬಾಗಿದ ಉಕ್ಕಿನ ಕೊಳವೆಗಳವು. ಒಳಗೆ ಬೆರಳೂ ಹೋಗದು, ಬೆಳಕೂ ಹೋಗದು. ಕಬ್ಬಿಣ ಬೆರೆತ ಉಜ್ಜುವ ಪುಡಿಯನ್ನು ಒಳಗೆ ಸುರಿದು ಹೊರಗಿನಿಂದ ಆಯಸ್ಕಾಂತ ತಿರುಗಿಸಿದರೆ, ಪುಡಿ ಅದರ ಬೆನ್ನುಹತ್ತಿ ಒಳಮೈಯನ್ನು ಕನ್ನಡಿ ಮಾಡುತ್ತದೆ. ನುಣುಪಾಯಿತೋ ಇಲ್ಲವೋ ಎನ್ನುವುದನ್ನು ಅವನು ಸದ್ದಿನಿಂದಲೇ ಹೇಳುತ್ತಿದ್ದ. ಎಲ್ಲರ ಬಾಯಲ್ಲೂ ಅವನು ‘ಕಿವಿ ಮೇಷ್ಟ್ರು’.

“ನಾನು ಗಂಟಲು ಹರ್ಕೊಂಡ್ರೂ ಓ ಅನ್ನಲ್ಲ, ಪುಡಿ ಪಿಸುಗುಟ್ಟಿದ್ರೆ ಮಾತ್ರ ಕೇಳತ್ತೆ ಇವರಿಗೆ” ಎಂದು ಅವಳು ಬಂದವರೆದುರು ಆಡಿಕೊಳ್ಳುತ್ತಿದ್ದಳು. ಅವನೂ ನಗುತ್ತಿದ್ದ. ಮೊನ್ನೆ ಗೀರುಬಿದ್ದ ಕೊಳವೆಗಳು ವಾಪಸು ಬಂದಾಗ ಇಬ್ಬರೂ ಸೇರಿ ಉಕ್ಕನ್ನೇ ಬೈದಿದ್ದರು.

ಅವಳು ಮೋಟಾರು ಆರಿಸಿ ಅವನ ಭುಜ ಮುಟ್ಟಿದಳು. “ರೀ, ಸ್ವಲ್ಪ ನೀರು ಕುಡೀರಿ. ಮುಂದಿನ ಕೊಳವೆ ನಾನು ಹಾಕ್ತೀನಿ.”

ಅವನು ಅವಳ ತುಟಿಯನ್ನೇ ನೋಡಿ ತಲೆಯಾಡಿಸಿದ. “ಪುಡಿ ಅಳತೆ ನೋಡ್ಕೊಂಡು ಹಾಕು. ನಿನ್ನ ಸಾರಿನ ಉಪ್ಪಿನ ಥರ ಸುರೀಬೇಡ.”

ಅವನು ಅತ್ತ ತಿರುಗಿ ನೀರು ಕುಡಿಯುತ್ತಿದ್ದ. ಅವಳು ಪುಡಿಯನ್ನೇ ಹಾಕಲಿಲ್ಲ. ಖಾಲಿ ಕೊಳವೆ ಕೂರಿಸಿ ಮೋಟಾರು ಹಚ್ಚಿದಳು. ಮೋಟಾರಿನ ಗುಂಯ್ ಬಿಟ್ಟರೆ ಬೇರೇನಿಲ್ಲ. ಅವನು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ಆಲಿಸಿದ.

“ಚೆನ್ನಾಗಿ ಓಡ್ತಾ ಇದೆ ಪುಡಿ. ಇನ್ನೊಂಚೂರು ಹೊತ್ತು ಬಿಡು, ರೇಷ್ಮೆ ಆಗತ್ತೆ.”

“ರೀ” ಎಂದಳು. ಆಮೇಲೆ ಸ್ವಲ್ಪ ಜೋರಾಗಿ, “ರೀ.” ಅವನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಕೊನೆಗೆ ಕಣ್ಣು ತೆರೆದ. “ಏನೇ, ದೆವ್ವ ನೋಡಿದವಳ ಹಾಗೆ ನಿಂತಿದ್ದೀಯ?”

“ನಿದ್ದೆ” ಎಂದಳು, ತುಟಿ ಬಿಡಿಸಿ, ನಿಧಾನವಾಗಿ.

“ಆಯ್ತು, ಇಳಿಸು. ಮುಗಿದವುಗಳ ಜೊತೆ ಇಡು.”

ಬೆಳಗ್ಗೆ ಕೊಳವೆ ಒಯ್ಯುವ ಗಾಡಿಯವನು ಬಂದು, ಮೇಷ್ಟ್ರು ಹೂಂ ಅಂದ್ರಾ ಎಂದು ಕೇಳುತ್ತಾನೆ. ಈ ಹೂಂ ಹೋದರೆ ಗಂಡನಲ್ಲಿ ಏನು ಉಳಿಯುತ್ತದೆ? ತಾನೇ ಆಲಿಸೋಣವೆಂದರೆ, ಪುಡಿ ಗಂಟಾಗುವ ಸದ್ದಷ್ಟೇ ಅವಳಿಗೆ ಗೊತ್ತು. ರೇಷ್ಮೆಯಾಗುವ ಸದ್ದು ಯಾವುದೆಂದು ಅವಳು ಯಾವತ್ತೂ ಕೇಳಿ ಕಲಿತಿರಲಿಲ್ಲ.

ಇಲ್ಲದ ಪುಡಿಯನ್ನು ಕೊಡವಿ, ಒರೆಸಿ, ಕೊಳವೆಯನ್ನು ಮುಗಿದವುಗಳ ಸಾಲಿನಲ್ಲಿಟ್ಟಳು. ಯಾರಿಗೂ ಹೇಳುವುದಿಲ್ಲ. ಅವನಿಗಂತೂ ಇಲ್ಲವೇ ಇಲ್ಲ.