ಮೂರನೆಯ ಗಣ್ಣಿನ ಮುಳ್ಳು

'ನಿನ್ನ ಮೇಲೆ ಯಾವತ್ತೂ ಚಾಡಿ ಹೇಳಲ್ಲ, ಸೆಲ್ಬಿ.' ಹನ್ನೊಂದನೆಯ ವಯಸ್ಸಿನಲ್ಲಿ, ಒಡೆದ ಹಿಮಗಡ್ಡೆಯ ಸಂದಿನಿಂದ ತನ್ನನ್ನು ಕೂದಲು ಹಿಡಿದು ಎಳೆದುಹಾಕಿದ ಅಣ್ಣನಿಗೆ ಆಂಬ್ರೋಸ್ ಕೊಟ್ಟ ಮಾತು. ಹಲ್ಲು ಕಟಕಟಿಸುತ್ತಿದ್ದುದರಿಂದ ಅದು ಪೂರ್ತಿ ಕೇಳಿಸಿತ್ತೋ ಇಲ್ಲವೋ. ಆದರೂ ಸೆಲ್ಬಿ ಅದನ್ನು ಮರೆತಿಲ್ಲವೆಂಬ ಗುಮಾನಿ ಇವತ್ತು ಬೆಳಿಗ್ಗೆಯಿಂದ ಕಾಡುತ್ತಿತ್ತು.

ಕಾರಣ, ಮಾದರಿ ತೀರಾ ಚೊಕ್ಕಟವಾಗಿತ್ತು.

ಮೀನುಗಾರಿಕೆ ಇಲಾಖೆಯ ತಪಾಸಣೆಯ ಮೇಜಿನ ಮೇಲೆ ಸೆಲ್ಬಿಯ ದೋಣಿಯಿಂದ ಮಾದರಿಗೆಂದು ಬಂದ ಎರಡು ಕಿಲೋ ಸಿಗಡಿ. ಒಂದೊಂದನ್ನೇ ಬೆಳಕಿಗೆ ಹಿಡಿದು ಬೆನ್ನಿನ ಮೂರನೆಯ ಗಣ್ಣಿನ ಮೇಲೆ ಉಗುರು ಆಡಿಸುವುದು ಆಂಬ್ರೋಸನ ಕೆಲಸ. ಮುಳ್ಳು ತಗುಲಿದರೆ ಅದು ಮೆತ್ತನೆಯ ಕೆಸರಿನ ಸಿಗಡಿ. ಬೆನ್ನು ನುಣ್ಣಗಿದ್ದು ಮೈಮೇಲೆ ಕೆಂಪು ಗೆರೆಗಳಿದ್ದರೆ ಪಟ್ಟೆ ಸಿಗಡಿ. ಅದರ ವಾಸ ಇನ್ನೂ ತಣ್ಣನೆಯ ಕಲ್ಲುತಳ. ಸೆಲ್ಬಿ ಹೋಗುವ ಕಡೆ ಕಲ್ಲುತಳವಿರುವುದು ಹವಳದ ದಿಬ್ಬದಲ್ಲಿ ಮಾತ್ರ. ಅದು ನಿಷೇಧಿತ ಜಾಗ, ಅಲ್ಲಿ ಬಲೆ ಎಳೆದವನ ಪರವಾನಗಿ ಹೋಗುತ್ತದೆ.

ಇನ್ನೂರ ಅರುವತ್ತು ಸಿಗಡಿ. ಇನ್ನೂರ ಅರುವತ್ತು ಮುಳ್ಳು. ಕೆಸರಿನಲ್ಲಿ ಎಳೆದ ಬಲೆಗೂ ದಾರಿತಪ್ಪಿದ ಒಂದೆರಡು ಪಟ್ಟೆ ಸಿಗಡಿ ಬೀಳುತ್ತವೆ. ಹದಿನಾಲ್ಕು ವರ್ಷಗಳ ಈ ಕೆಲಸದಲ್ಲಿ ಒಂದಾದರೂ ಪಟ್ಟೆ ಸಿಗಡಿ ಬೆರೆಯದ ಮಾದರಿಯನ್ನು ಅವನು ನೋಡಿರಲಿಲ್ಲ.

ಸೆಲ್ಬಿಗೆ ಫೋನ್ ಮಾಡಿದ.

"ಬಲೆ ಎಲ್ಲಿ ಎಳೆದೆ?"

"ಕೆಸರಲ್ಲಿ. ಇನ್ನೆಲ್ಲಿ ಎಳೀತಾರೆ?"

"ಮಾದರಿ ತುಂಬಿದ್ದು ಯಾರು?"

"ಯಾರೋ ಕೈಗೆ ಸಿಕ್ಕಿದ್ದು ತುಂಬಿದ್ರು. ಯಾಕೋ, ಸಿಗಡಿದೂ ಊರು, ಅಪ್ಪನ ಹೆಸರು ಬರ್ಕೋತೀಯಾ?"

"ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋನಲ್ಲ ನೀನು. ಮನೆಗೆ ಹೋಗು ಮಗಾ. ಬಕೀಟು ಕೊಟ್ಟು ಬಂದಿದೀನಿ."

ಹಂಗಾಮಿನ ಮೊದಲ ಬಲೆಗೆ ಸಿಕ್ಕಿದ್ದರಲ್ಲಿ ಒಂದು ಬಕೀಟು ಒಡಹುಟ್ಟಿದವರ ಮನೆಗೆ ಹೋಗಲೇಬೇಕು. ಹೋಗದಿದ್ದರೆ ಅಣ್ಣತಮ್ಮಂದಿರು ಕಿತ್ತಾಡಿದ್ದಾರೆಂದು ಊರು ತಿಳಿಯುತ್ತದೆ.

ಬಕೀಟಿನ ಸಿಗಡಿಯನ್ನು ದೋಣಿಯಲ್ಲೇ ಬೇಯಿಸಿದ್ದರು. ಹೆಂಡತಿ ವರ್ನಾ ಬ್ರೆಡ್ಡು, ಬೆಣ್ಣೆ, ವಿನೆಗರ್ ಇಟ್ಟಳು. ಬೆಂದ ಮೇಲೆ ಗೆರೆ ಅಳಿಸಿಹೋಗುತ್ತದೆ. ಎಲ್ಲವೂ ಒಂದೇ ಬಣ್ಣ. ಬೆರಳು ಅಭ್ಯಾಸಬಲದಿಂದ ಮೂರನೆಯ ಗಣ್ಣಿಗೆ ಹೋಯಿತು.

ನುಣುಪು. ಇನ್ನೊಂದು, ಅದೂ ನುಣುಪು. ಬಕೀಟಿಗೆ ಕೈಹಾಕಿ ತಳದಿಂದ ತೆಗೆದ. ನುಣುಪು.

ಮಾದರಿಯಿಂದ ಹೆಕ್ಕಿ ತೆಗೆದ ಪಟ್ಟೆ ಸಿಗಡಿಯೆಲ್ಲ ಇಲ್ಲಿಗೆ ಬಂದಿತ್ತು. ತಿನ್ನುವ ವಸ್ತುವನ್ನು ಸಮುದ್ರಕ್ಕೆ ಚೆಲ್ಲಲು ಈ ಊರಿನಲ್ಲಿ ಯಾರಿಗೂ ಕೈ ಬಾರದು. ಪೆದ್ದುತನವೇ? ಅಥವಾ ಅವನಿಗೆ ಗೊತ್ತಾಗಲೆಂದೇ ಕಳಿಸಿದ್ದೇ?

"ತಡವಿ ತಡವಿ ತಿನ್ನೋ ಗಂಡ ಸಿಕ್ಕಿದ್ನಲ್ಲಪ್ಪ ನನಗೆ," ಎಂದಳು ವರ್ನಾ.

"ಸೆಲ್ಬಿ ಏನಾದ್ರೂ ಹೇಳಿದ್ನಾ?"

"ತಿಂದ್ಮೇಲೆ ಫೋನ್ ಮಾಡೋಕೆ ಹೇಳು ಅಂದ."

"ತಿನ್ನೋಕೆ ಮುಂಚೆ ಅಲ್ವಾ?"

"ತಿಂದ್ಮೇಲೆ." ಅವಳು ಅವನ ಮುಖ ನೋಡಲಿಲ್ಲ.

ಇವಳಿಗೂ ಗೊತ್ತು, ಅಂದುಕೊಂಡ. ತಿಂದರೆ ಪುರಾವೆ ಉಳಿಯುವುದಿಲ್ಲ. ಸಿಪ್ಪೆ ಸುಲಿದು ತಿಂದ. ರುಚಿಯಾಗಿತ್ತು, ಅದಕ್ಕೇ ಸಿಟ್ಟು ಬಂತು. ತಟ್ಟೆಯ ಅಂಚಿನಲ್ಲಿ ಬಾಗಿದ ಬೆನ್ನುಗಳ ಗುಡ್ಡೆ ಬೆಳೆಯಿತು. ಕೊನೆಗೆ ಜೇಬಿನಿಂದ ವರದಿಯ ಹಾಳೆ ತೆಗೆದು, 'ಸಿಗಡಿಯ ವಾಸಸ್ಥಾನ' ಎಂಬುದರ ಎದುರು 'ಮೆತ್ತನೆಯ ಕೆಸರು' ಎಂದು ಬರೆದು ಸಹಿ ಹಾಕಿದ. ಹಾಳೆಯ ಮೇಲೆ ಬೆಣ್ಣೆಯ ಹೆಬ್ಬೆಟ್ಟು ಮೂಡಿತು.

ತಟ್ಟೆ ಎತ್ತಲು ಬಂದ ವರ್ನಾ ಅವನ ಬೆನ್ನ ಮೇಲೆ ಅಂಗೈ ಇಟ್ಟಳು. ಏನನ್ನೋ ಹುಡುಕುವಂತೆ ಅದು ನಿಧಾನವಾಗಿ ಕೆಳಗಿಳಿಯಿತು. ಎಲ್ಲೂ ಏನೂ ತಗುಲಲಿಲ್ಲ.

ಆಂಬ್ರೋಸ್ ಕೊಟ್ಟ ಮಾತು ಉಳಿಸಿಕೊಂಡಿದ್ದ.